ಪದವಿನಲ್ಲಿ ನಿಂತ ಯಂತ್ರ ಏನನ್ನು ಕೊರೆಯುತ್ತಿದೆ?

ಪುತ್ತಿಗೆ, ಸೀತಾಂಗೋಳಿ, ಅಂಗಡಿಮೊಗರು ಕಡೆಯ ಪದವುಗಳಲ್ಲಾಗಲಿ, ಕುಂಬಳೆಯಿಂದ ತಲಪಾಡಿಯವರೆಗಿನ ಹೆದ್ದಾರಿ ಬದಿಯಲ್ಲಾಗಲಿ ಕೊರೆಯುವ ಯಂತ್ರವೊಂದು ಬಂದು ನಿಂತರೆ ದಾರಿಯಲ್ಲಿ ಹೋಗುವವರು ಕೇಳುವ ಮೊದಲ ಪ್ರಶ್ನೆ ಒಂದೇ: "ನೀರು ಸಿಕ್ಕಿತಾ?" ಬೋರ್‌ವೆಲ್ ನೋಡಿ ನೋಡಿ ನಮಗೆ ಆ ಪ್ರಶ್ನೆಯೇ ಬಾಯಿಗೆ ಬರುತ್ತದೆ. ಇದು ನೀರಿಗಲ್ಲ ಎಂದು ಕೆಲಸದವರು ಹೇಳಿದರೆ ಸಂಜೆಯೊಳಗೆ ಇನ್ನೊಂದು ಮಾತು ಹರಡಿರುತ್ತದೆ: "ಇಲ್ಲಿ ಗಣಿ ಬರುತ್ತದಂತೆ, ಜಾಗ ಹೋಗುತ್ತದಂತೆ."

ಈ ಎರಡು ಮಾತುಗಳ ನಡುವೆ ತಿಳಿದುಕೊಳ್ಳಬೇಕಾದದ್ದು ಬಹಳ ಇದೆ. ನೆಲದಡಿಯ ಕಲ್ಲನ್ನು ಪುಡಿ ಮಾಡದೆ, ಇದ್ದ ಹಾಗೆಯೇ ಉದ್ದನೆಯ ಕೋಲಿನಂತೆ ಹೊರತೆಗೆಯುವ ಕೆಲಸಕ್ಕೆ ಕೋರ್ ಡ್ರಿಲ್ಲಿಂಗ್ ಎನ್ನುತ್ತಾರೆ. ಹೊರಬಂದ ಕಲ್ಲಿನ ಕೋಲಿಗೆ ಕೋರ್ ಎಂದೇ ಹೆಸರು. ಸೇತುವೆಯ ಕಂಬ ಎಲ್ಲಿ ನಿಲ್ಲಬೇಕು, ಗುಡ್ಡವನ್ನು ಎಷ್ಟು ಕಡಿಯಬಹುದು, ಒಂದು ಪದವಿನಲ್ಲಿ ಖನಿಜ ಇದೆಯೋ ಇಲ್ಲವೋ ಎಂಬುದನ್ನೆಲ್ಲ ಕೊನೆಗೆ ತೀರ್ಮಾನಿಸುವುದು ಈ ಕೋಲುಗಳನ್ನು ನೋಡಿಯೇ. ಆದ್ದರಿಂದ ಈ ಸಲ ಸಂಘದ ಸದಸ್ಯರಿಗಾಗಿ ಈ ಯಂತ್ರ, ಅದರ ಕೆಲಸ, ಅದು ಹೊರಗೆ ತಂದದ್ದನ್ನು ಓದುವ ಬಗೆ, ಇವುಗಳನ್ನು ನಮ್ಮ ನೆಲದ ಉದಾಹರಣೆಯೊಂದಿಗೆ ವಿವರಿಸುತ್ತಿದ್ದೇವೆ.

ಬೋರ್‌ವೆಲ್ ಬೇರೆ, ಕೋರ್ ಬೇರೆ

ಬೋರ್‌ವೆಲ್ ಲಾರಿಯಲ್ಲಿ ದೊಡ್ಡ ಕಂಪ್ರೆಸರ್ ಇರುತ್ತದೆ. ಗಾಳಿಯ ಒತ್ತಡದಿಂದ ಕೆಳಗಿನ ಸುತ್ತಿಗೆ ಕಲ್ಲನ್ನು ಕುಟ್ಟಿ ಪುಡಿ ಮಾಡುತ್ತದೆ, ಅದೇ ಗಾಳಿ ಆ ಪುಡಿಯನ್ನು ಮೇಲಕ್ಕೆ ಊದಿ ಹಾಕುತ್ತದೆ. ಕೆಲಸ ಬೇಗ ಮುಗಿಯುತ್ತದೆ. ಆದರೆ ಸಿಗುವುದು ಬರೀ ಪುಡಿ. ಬಣ್ಣ ನೋಡಿ ಕಲ್ಲು ಬದಲಾಯಿತು ಎಂದು ಅಂದಾಜು ಮಾಡಬಹುದು, ಅಷ್ಟೇ. ಕಲ್ಲಿನಲ್ಲಿ ಬಿರುಕು ಎಷ್ಟು, ಯಾವ ಕಡೆಗೆ ಓರೆ, ಎರಡು ಗಟ್ಟಿ ಪದರಗಳ ನಡುವೆ ಒಂದು ಗೇಣು ಜೇಡಿ ಇತ್ತೇ ಎಂಬುದು ಆ ಪುಡಿಯಿಂದ ತಿಳಿಯುವುದಿಲ್ಲ.

ಅಕ್ಕಿ ಅಂಗಡಿಯಲ್ಲಿ ಗೋಣಿಚೀಲ ಬಿಚ್ಚದೆಯೇ ಚೂಪಾದ ಕೊಳವೆ ಚುಚ್ಚಿ ಒಂದು ಹಿಡಿ ಅಕ್ಕಿ ತೆಗೆದು ನೋಡುವುದನ್ನು ನಾವೆಲ್ಲ ಕಂಡಿದ್ದೇವೆ. ಕೋರ್ ಡ್ರಿಲ್ಲಿಂಗ್ ಕೂಡ ಅದೇ ಬಗೆಯದು. ಟೊಳ್ಳಾದ ಕೊಳವೆಯ ತುದಿಯಲ್ಲಿ ಬಳೆಯಾಕಾರದ ಬಿಟ್ ಇರುತ್ತದೆ. ಬಳೆ ತಿರುಗುತ್ತ ತನ್ನ ಅಂಚಿನಷ್ಟು ಕಲ್ಲನ್ನು ಮಾತ್ರ ಸವೆಸುತ್ತದೆ, ನಡುವೆ ಉಳಿದ ಕಲ್ಲು ಕೊಳವೆಯೊಳಗೆ ಏರಿ ನಿಲ್ಲುತ್ತದೆ. ಗಟ್ಟಿ ಕಲ್ಲಿಗೆ ವಜ್ರದ ಬಿಟ್ ಬೇಕು. ಆಭರಣಕ್ಕೆ ಬಾರದ ಸಣ್ಣ ವಜ್ರದ ಕಣಗಳನ್ನು ಲೋಹದ ಪುಡಿಯೊಂದಿಗೆ ಬೆರೆಸಿ ಈ ಬಳೆಯನ್ನು ತಯಾರಿಸುತ್ತಾರೆ. ಲೋಹ ಸವೆದಂತೆ ಒಳಗಿನ ಹೊಸ ಕಣಗಳು ಹೊರಕ್ಕೆ ಬಂದು ಕೊರೆಯುತ್ತವೆ. ಮೆತ್ತಗಿನ ಪದರಕ್ಕೆ ಟಂಗ್‌ಸ್ಟನ್ ಕಾರ್ಬೈಡ್ ಹಲ್ಲುಗಳ ಬಿಟ್ ಸಾಕು. ವಜ್ರದ ಬಳೆಯಿಂದ ಕಲ್ಲು ಕೊರೆಯುವ ಈ ಉಪಾಯವನ್ನು 1860ರ ದಶಕದಲ್ಲಿ ಮುಂದಿಟ್ಟವರು ಜಿನೀವಾದ ಗಡಿಯಾರ ತಯಾರಕ ಜಾರ್ಜ್ ಅಗಸ್ಟ್ ಲೆಶೊ.

ನಮ್ಮ ಕಾಲಡಿಯ ನಾಲ್ಕು ಪದರ

ಪುತ್ತಿಗೆಯ ಸುತ್ತಮುತ್ತ ನೆಲ ಕೊರೆದರೆ ಸಾಮಾನ್ಯವಾಗಿ ಮೊದಲು ಸಿಗುವುದು ಮುರಕಲ್ಲು. ಅಗೆಯುವಾಗ ಕತ್ತಿ ತಾಗುವಷ್ಟು ಮೆತ್ತಗಿದ್ದು, ಗಾಳಿ ಬಿಸಿಲಿಗೆ ಬಂದ ಮೇಲೆ ಗಟ್ಟಿಯಾಗುವ ಈ ಕಲ್ಲಿನಿಂದಲೇ ನಮ್ಮ ಮನೆ, ಬಾವಿಕಟ್ಟೆ, ದೇವಸ್ಥಾನದ ಪಾಗಾರಗಳೆಲ್ಲ ಎದ್ದಿವೆ. ಇದಕ್ಕೆ ಲ್ಯಾಟರೈಟ್ ಎಂಬ ಹೆಸರನ್ನು 1807ರಲ್ಲಿ ಕೊಟ್ಟವರು ಫ್ರಾನ್ಸಿಸ್ ಬುಕನನ್. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗಿರುವ ಪದದಿಂದ ಆ ಹೆಸರು ಬಂತು. ಅವರು ಇದನ್ನು ಗುರುತಿಸಿದ್ದು ಈಗಿನ ಮಲಪ್ಪುರಂ ಜಿಲ್ಲೆಯ ಅಂಗಾಡಿಪುರದಲ್ಲಿ. ಮಲಬಾರಿನಿಂದ ಕೆನರಾ ಕಡೆಗೆ ಪ್ರಯಾಣ ಮಾಡುವಾಗ 1801ರಲ್ಲಿ ಅವರು ನಮ್ಮ ಕರಾವಳಿಯ ಮೂಲಕವೂ ಹಾದುಹೋಗಿದ್ದರು.

ಮುರಕಲ್ಲಿನ ಕೆಳಗೆ ಬಿಳಿ, ಹಳದಿ, ನಸುಗೆಂಪು ಬಣ್ಣಗಳು ಬೆರೆತ ಶೇಡಿ ಮಣ್ಣು. ಒಣಗಿದಾಗ ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ, ನೀರು ಕುಡಿದರೆ ಬಲ ಕಳೆದುಕೊಂಡು ಜಾರುತ್ತದೆ. ಅದರ ಕೆಳಗೆ ಅರ್ಧ ಕೊಳೆತ ಬಂಡೆ, ಅಂದರೆ ಕಲ್ಲಿನ ರೂಪ ಉಳಿದಿದ್ದರೂ ಸುತ್ತಿಗೆಯ ಪೆಟ್ಟಿಗೆ ಉದುರುವಂಥದ್ದು. ಕೊನೆಯಲ್ಲಿ ಗಟ್ಟಿ ಬಂಡೆ: ಚಾರ್ನೊಕೈಟ್, ನೈಸ್ ಮುಂತಾದ ಬಹಳ ಹಳೆಯ ಕಲ್ಲುಗಳು. ಮೇಲಿನ ಮೂರು ಪದರಗಳೂ ಲಕ್ಷಾಂತರ ವರ್ಷಗಳ ಮಳೆ ಬಿಸಿಲಿಗೆ ಕೆಳಗಿನ ಬಂಡೆಯೇ ಕೊಳೆತು ಆದವು.

ಈ ಪದರಗಳ ಲೆಕ್ಕಾಚಾರ ನಮ್ಮ ಹಿರಿಯರಿಗೆ ಹೊಸದಲ್ಲ. ಕಾಸರಗೋಡು ಜಿಲ್ಲೆಯಲ್ಲಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸಾವಿರಾರು ಸುರಂಗಗಳಿವೆ. ಎಲ್ಲಿ ಕಲ್ಲು ತಾನಾಗಿ ನಿಲ್ಲುತ್ತದೆ, ಎಲ್ಲಿ ಶೇಡಿ ಬಂದರೆ ಮಾಡು ಕುಸಿಯುತ್ತದೆ, ಎಲ್ಲಿ ಒಸರು ಸಿಗುತ್ತದೆ ಎಂಬುದನ್ನು ಸುರಂಗ ತೋಡುವವರು ಹಾರೆಯ ಸದ್ದಿನಿಂದಲೇ ತಿಳಿಯುತ್ತಿದ್ದರು. ಗಡಿಯ ಆಚೆ ಬದಿ, ಅಡ್ಯನಡ್ಕ ಸಮೀಪದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ಒಬ್ಬರೇ ಸುರಂಗ ಕೊರೆದು ಬರಡು ಗುಡ್ಡಕ್ಕೆ ನೀರು ತಂದ ಸಾಧನೆಗೆ. ಅವರಂಥವರ ಕೈ ಓದುವುದನ್ನು ಯಂತ್ರ ಇನ್ನೂ ಆಳದಲ್ಲಿ, ಅಳತೆಯೊಂದಿಗೆ, ಬೇರೆಯವರಿಗೂ ತೋರಿಸಬಹುದಾದ ರೂಪದಲ್ಲಿ ಹೊರತರುತ್ತದೆ.

ಯಂತ್ರ ಮತ್ತು ಅದರ ಭಾಗಗಳು

ಸಣ್ಣ ಕೆಲಸಕ್ಕೆ ಮೂರು ಕಾಲಿನ ಕಬ್ಬಿಣದ ಚೌಕಟ್ಟು, ಡೀಸೆಲ್ ಎಂಜಿನ್, ಹಗ್ಗ ಸುತ್ತುವ ವಿಂಚ್ ಮತ್ತು ನೀರಿನ ಪಂಪು ಇದ್ದರೆ ಆಯಿತು. ದೊಡ್ಡ ಕೆಲಸಕ್ಕೆ ಲಾರಿಯ ಮೇಲೆ ಅಥವಾ ಟ್ರ್ಯಾಕಿನ ಮೇಲೆ ಕೂರಿಸಿದ ಹೈಡ್ರಾಲಿಕ್ ರಿಗ್ ಬರುತ್ತದೆ. ಎಂಜಿನ್ ರಾಡನ್ನು ತಿರುಗಿಸುತ್ತದೆ, ಹೈಡ್ರಾಲಿಕ್ ಒತ್ತಡ ಅದನ್ನು ಹದವಾಗಿ ಕೆಳಕ್ಕೆ ತಳ್ಳುತ್ತದೆ. ರಾಡಿನ ಒಳಗಿನಿಂದ ಪಂಪಿನ ನೀರು ಇಳಿದು ಬಿಟ್ಟನ್ನು ತಣ್ಣಗಾಗಿಸಿ, ಸವೆದ ಪುಡಿಯನ್ನು ಹೊತ್ತು ಹೊರಬದಿಯಿಂದ ಮೇಲೆ ಬರುತ್ತದೆ. ಮಣ್ಣು ಕುಸಿಯುವ ಕಡೆ ನೀರಿಗೆ ಬೆಂಟೊನೈಟ್ ಜೇಡಿ ಬೆರೆಸುತ್ತಾರೆ ಅಥವಾ ಕೇಸಿಂಗ್ ಪೈಪ್ ಇಳಿಸುತ್ತಾರೆ.

ಎಲ್ಲಕ್ಕಿಂತ ಮುಖ್ಯವಾದ ಭಾಗ ಕೋರ್ ಬ್ಯಾರಲ್, ಅಂದರೆ ಕಲ್ಲಿನ ಕೋಲು ಬಂದು ಕೂರುವ ಕೊಳವೆ. ಇದರಲ್ಲಿ ಮೂರು ಬಗೆ. ಒಂಟಿ ಕೊಳವೆಯಲ್ಲಿ ಕೊಳವೆಯೇ ತಿರುಗುವುದರಿಂದ ಒಳಗಿನ ಕಲ್ಲು ಉಜ್ಜಿ ಸವೆಯುತ್ತದೆ, ನೀರು ಅದನ್ನು ತೊಳೆದುಬಿಡುತ್ತದೆ. ಜೋಡಿ ಕೊಳವೆಯಲ್ಲಿ ಹೊರಗಿನದು ಮಾತ್ರ ತಿರುಗುತ್ತದೆ, ಒಳಗಿನದು ಬೇರಿಂಗಿನ ಮೇಲೆ ಸುಮ್ಮನೆ ನಿಲ್ಲುತ್ತದೆ, ಆದ್ದರಿಂದ ಕೋರ್ ಉಳಿಯುತ್ತದೆ. ಮೂರು ಕೊಳವೆಯದರಲ್ಲಿ ಇನ್ನೂ ಒಳಗೆ ಉದ್ದಕ್ಕೆ ಎರಡು ಹೋಳಾಗಿ ತೆರೆಯುವ ತೆಳು ಕೊಳವೆ ಇರುತ್ತದೆ. ಹಲಸಿನ ಕಾಯಿ ಸೀಳಿದಂತೆ ಅದನ್ನು ಬಿಡಿಸಿದರೆ ಮೆತ್ತಗಿನ ಮಾದರಿಯೂ ಅಲುಗದೆ ಸಿಗುತ್ತದೆ. ತೂತು ತೂತಾದ ಮುರಕಲ್ಲು ಮತ್ತು ನೀರಿಗೆ ಕರಗುವ ಶೇಡಿ ಇರುವ ನಮ್ಮಂಥ ನೆಲಕ್ಕೆ ಈ ಮೂರನೆಯದೇ ಹೆಚ್ಚು ಒಪ್ಪುತ್ತದೆ. ಯಾವ ಬ್ಯಾರಲ್ ಬಳಸಿದರು ಎಂಬುದರ ಮೇಲೆ ಅವರಿಗೆ ಶೇಡಿ ಕಾಣಿಸಿತೋ ಇಲ್ಲವೋ ಎಂಬುದೇ ನಿಂತಿರಬಹುದು.

ಆಳ ಹೆಚ್ಚಿದಂತೆ ಇನ್ನೊಂದು ತೊಂದರೆ. 300 ಮೀಟರ್ ಆಳದಲ್ಲಿ 3 ಮೀಟರ್ ಉದ್ದದ 100 ರಾಡುಗಳು ಒಂದಕ್ಕೊಂದು ಜೋಡಿಸಿಕೊಂಡಿರುತ್ತವೆ. ಹಳೆಯ ಪದ್ಧತಿಯಲ್ಲಿ ಪ್ರತಿ 3 ಮೀಟರ್ ಕೋರ್ ತೆಗೆಯಲು ಅಷ್ಟೂ ರಾಡುಗಳನ್ನು ಬಿಚ್ಚಿ ಮತ್ತೆ ಜೋಡಿಸಬೇಕಿತ್ತು. ಈಗಿನ ವೈರ್‌ಲೈನ್ ಪದ್ಧತಿಯಲ್ಲಿ ರಾಡುಗಳು ನೆಲದಲ್ಲೇ ಇರುತ್ತವೆ. ಬಾವಿಯಿಂದ ಬಿದ್ದ ಕೊಡವನ್ನು ಪಾತಾಳ ಗರಡಿಯಿಂದ ಎತ್ತುವಂತೆ, ತಂತಿಯ ತುದಿಗೆ ಕಟ್ಟಿದ ಕೊಂಡಿಯನ್ನು ರಾಡಿನೊಳಗೆ ಬಿಟ್ಟು ಒಳಗಿನ ಕೊಳವೆಯನ್ನಷ್ಟೇ ಮೇಲಕ್ಕೆಳೆಯುತ್ತಾರೆ.

ಅಳತೆಗಳಿಗೂ ಹೆಸರಿದೆ. ಸೇತುವೆ, ಕಟ್ಟಡದ ಪರೀಕ್ಷೆಯಲ್ಲಿ ಹೆಚ್ಚಾಗಿ ಕೇಳಿಬರುವ ಎನ್‌ಎಕ್ಸ್ ಎಂದರೆ ಸುಮಾರು 76 ಮಿಲಿಮೀಟರ್ ರಂಧ್ರ, ಸುಮಾರು 54 ಮಿಲಿಮೀಟರ್ ಕೋರ್. ಖನಿಜ ಶೋಧದ ವೈರ್‌ಲೈನ್‌ನಲ್ಲಿ ಎನ್‌ಕ್ಯೂ ಎಂದರೆ 47.6 ಮಿಲಿಮೀಟರ್, ಎಚ್‌ಕ್ಯೂ ಎಂದರೆ 63.5 ಮಿಲಿಮೀಟರ್ ಕೋರ್.

ಪೆಟ್ಟಿಗೆಯನ್ನು ಓದುವುದು

ಹೊರಬಂದ ಕೋರನ್ನು ಉದ್ದನೆಯ ಖಾನೆಗಳಿರುವ ಪೆಟ್ಟಿಗೆಯಲ್ಲಿ, ನಾವು ಪುಸ್ತಕ ಓದುವ ಹಾಗೆ ಎಡದಿಂದ ಬಲಕ್ಕೆ, ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಜೋಡಿಸುತ್ತಾರೆ. ಪ್ರತಿ ಬಾರಿ ಕೊರೆದ ಭಾಗ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ಆಳ ಬರೆದ ತುಂಡನ್ನು ನಡುವೆ ಇಡುತ್ತಾರೆ. ಕೋರ್ ಸಿಗದೆ ಹೋದ ಕಡೆ ಜಾಗ ಖಾಲಿ ಬಿಟ್ಟು ಗುರುತು ಹಾಕಬೇಕು. ಈ ಖಾಲಿ ಜಾಗವನ್ನು ಬಹಳ ಗಮನದಿಂದ ನೋಡಬೇಕು. ಅಲ್ಲಿದ್ದದ್ದು ತೊಳೆದುಹೋಗುವಷ್ಟು ಮೆತ್ತಗಿತ್ತು ಅಥವಾ ಅಲ್ಲಿ ಪೊಳ್ಳಿತ್ತು ಎಂದೇ ಸಾಮಾನ್ಯವಾಗಿ ಅದರ ಅರ್ಥ. ಕೊರೆಯುವಾಗ ಮೇಲೆ ಬರುತ್ತಿದ್ದ ನೀರು ಇದ್ದಕ್ಕಿದ್ದಂತೆ ನಿಂತುಹೋದರೂ ಅದನ್ನು ಆಳದ ಸಮೇತ ಬರೆಯಬೇಕು, ಕೆಳಗೆ ದೊಡ್ಡ ಬಿರುಕೋ ಪೊಳ್ಳೋ ಸಿಕ್ಕಿದೆ ಎಂಬುದಕ್ಕೆ ಅದು ಸೂಚನೆ.

ಎರಡು ಸುಲಭ ಲೆಕ್ಕಗಳನ್ನು ಯಾರೂ ಮಾಡಿ ನೋಡಬಹುದು. 1.5 ಮೀಟರ್ ಕೊರೆದಾಗ 1.2 ಮೀಟರ್ ಕೋರ್ ಸಿಕ್ಕಿದರೆ, ಸಿಕ್ಕ ಪ್ರಮಾಣ ಶೇ. 80. ಎರಡನೆಯದು ಬಂಡೆಯ ಗುಣಮಟ್ಟದ ಅಂಕ. ಆರ್‌ಕ್ಯೂಡಿ ಎಂದು ಕರೆಯುವ ಇದನ್ನು 1960ರ ದಶಕದಲ್ಲಿ ಅಮೆರಿಕದ ಡಾನ್ ಡಿಯರ್ ರೂಪಿಸಿದರು. ಸ್ವಾಭಾವಿಕ ಬಿರುಕುಗಳ ನಡುವೆ 10 ಸೆಂಟಿಮೀಟರ್ ಅಥವಾ ಅದಕ್ಕಿಂತ ಉದ್ದವಿರುವ ತುಂಡುಗಳನ್ನು ಮಾತ್ರ ಕೂಡಿಸಬೇಕು. ಮೇಲಿನ 1.2 ಮೀಟರ್‌ನಲ್ಲಿ 38, 22, 15, 12 ಸೆಂಟಿಮೀಟರ್ ತುಂಡುಗಳಿದ್ದು ಉಳಿದದ್ದು ಚೂರುಗಳು ಎಂದಿಟ್ಟುಕೊಳ್ಳಿ. ಮೊತ್ತ 87. ಕೊರೆದ 150 ಸೆಂಟಿಮೀಟರ್‌ಗೆ ಭಾಗಿಸಿದರೆ ಶೇ. 58. 25ಕ್ಕಿಂತ ಕಡಿಮೆ ಇದ್ದರೆ ತೀರಾ ಕಳಪೆ, 50ರವರೆಗೆ ಕಳಪೆ, 75ರವರೆಗೆ ಸಾಧಾರಣ, 90ರವರೆಗೆ ಉತ್ತಮ, ಅದಕ್ಕೂ ಮೇಲೆ ಅತ್ಯುತ್ತಮ. ನಮ್ಮ ಉದಾಹರಣೆಯ ಬಂಡೆ ಸಾಧಾರಣ. ಬರೀ "ಶೇ. 80 ಸಿಕ್ಕಿದೆ" ಎಂದು ಕೇಳಿದರೆ ಒಳ್ಳೆಯ ಬಂಡೆ ಎಂದೇ ತೋರುತ್ತದೆ, ಎರಡೂ ಅಂಕ ಕೇಳಬೇಕು ಎನ್ನುವುದು ಅದಕ್ಕೇ.

ಬಂಡೆಗಿಂತ ಮೇಲಿನ ಮಣ್ಣಿಗೆ ಬೇರೆ ಪರೀಕ್ಷೆ ಇದೆ. 63.5 ಕಿಲೋ ತೂಕದ ಸುತ್ತಿಗೆಯನ್ನು 75 ಸೆಂಟಿಮೀಟರ್ ಎತ್ತರದಿಂದ ಬೀಳಿಸಿ, ಮಾದರಿ ಕೊಳವೆ 30 ಸೆಂಟಿಮೀಟರ್ ಇಳಿಯಲು ಎಷ್ಟು ಪೆಟ್ಟು ಬೇಕಾಯಿತು ಎಂದು ಎಣಿಸುತ್ತಾರೆ. ಪೆಟ್ಟು ಕಡಿಮೆಯಾದಷ್ಟೂ ಮಣ್ಣು ಮೆತ್ತಗೆ.

ರಸ್ತೆಗೂ ಗುಡ್ಡಕ್ಕೂ ಇದರಿಂದ ಏನು?

2025ರ ಮೇ 19ರಂದು ಮಲಪ್ಪುರಂ ಜಿಲ್ಲೆಯ ಕೂರಿಯಾಡಿನಲ್ಲಿ ಕಟ್ಟುತ್ತಿದ್ದ ರಾಷ್ಟ್ರೀಯ ಹೆದ್ದಾರಿ 66ರ ಎತ್ತರದ ಭಾಗ ಕುಸಿದುಬಿತ್ತು. ನೀರು ನಿಂತ ಗದ್ದೆಯ ನೆಲ ಮೇಲಿನ ಭಾರ ತಾಳಲಿಲ್ಲ. ಅದೇ ವರ್ಷದ ಜುಲೈಯಲ್ಲಿ ನಮ್ಮದೇ ಜಿಲ್ಲೆಯ ಚೆರುವತ್ತೂರಿನಲ್ಲಿ ವೀರಮಲೆ ಗುಡ್ಡ ಹೆದ್ದಾರಿಗೆ ಜಾರಿತು. ಒಂದು ಕಡೆ ಭಾರ ಹೊತ್ತ ನೆಲದ ಬಲ, ಇನ್ನೊಂದು ಕಡೆ ಕಡಿದ ಗುಡ್ಡದ ಬಲ. ಎರಡೂ ಕಡೆ ಪ್ರಶ್ನೆ ಒಂದೇ: ಕಾಣದ ಪದರಗಳಲ್ಲಿ ಏನಿದೆ, ಮಳೆಗಾಲದಲ್ಲಿ ಅದು ಹೇಗೆ ನಡೆದುಕೊಳ್ಳುತ್ತದೆ?

ಮುರಕಲ್ಲಿನ ಗುಡ್ಡವನ್ನು ನೇರವಾಗಿ ಕಡಿದರೆ ಬೇಸಿಗೆಯಲ್ಲಿ ಏನೂ ಆಗುವುದಿಲ್ಲ. ಕಡಿತ ಶೇಡಿಯವರೆಗೆ ಇಳಿದಿದ್ದರೆ, ಆಷಾಢದ ಮಳೆಗೆ ಮುರಕಲ್ಲಿನ ತೂತುಗಳಿಂದ ಇಳಿದ ನೀರು ಶೇಡಿಯ ಮೇಲೆ ನಿಂತು ಅದನ್ನು ಮೆತ್ತಗಾಗಿಸುತ್ತದೆ. ಮೇಲಿನ ಗಟ್ಟಿ ಟೊಪ್ಪಿಗೆ ಆಗ ತನ್ನ ಭಾರಕ್ಕೇ ಕೆಳಕ್ಕೆ ಬರುತ್ತದೆ. ಶೇಡಿ ಎಷ್ಟು ಆಳದಲ್ಲಿ ಶುರುವಾಗುತ್ತದೆ ಎಂಬುದು 50 ಮೀಟರ್ ದೂರದಲ್ಲೇ ಬದಲಾಗಬಹುದು. ಒಂದೇ ರಂಧ್ರ ಕೊರೆದು ಇಡೀ ಗುಡ್ಡಕ್ಕೆ ತೀರ್ಪು ಕೊಡಲಾಗದು ಎಂಬುದಕ್ಕೆ ಇದೇ ಕಾರಣ. ಸಣ್ಣ ಪ್ರಮಾಣದಲ್ಲಿ ಇದೇ ಮಾತು ಗುಡ್ಡ ಕಡಿದು ಮನೆ ಕಟ್ಟುವ ನಮ್ಮೆಲ್ಲರಿಗೂ ಅನ್ವಯಿಸುತ್ತದೆ.

ಬಾಕ್ಸೈಟಿನ ವಿಷಯ

ಮುರಕಲ್ಲು ಆಗುವ ಕ್ರಮವೇ ಇನ್ನೂ ಮುಂದುವರಿದು ಸಿಲಿಕಾ ತೊಳೆದುಹೋಗಿ ಅಲ್ಯೂಮಿನಿಯಂ ಅಂಶ ಉಳಿದರೆ ಅದು ಬಾಕ್ಸೈಟ್. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಕಾಸರಗೋಡು ಜಿಲ್ಲೆಯ ಕಾರಡ್ಕ ಮತ್ತು ನಾರಾಯಣಮಂಗಲ ಭಾಗಗಳಲ್ಲಿ ಬಾಕ್ಸೈಟ್ ಶೋಧ ನಡೆಸಿದೆ. ಆದ್ದರಿಂದ ಪದವಿನಲ್ಲಿ ರಿಗ್ ಕಂಡಾಗ ಜನ ಆತಂಕಪಡುವುದು ಸಹಜ.

ಇಲ್ಲಿ ಎರಡು ವಿಷಯ ತಿಳಿದಿರಬೇಕು. ಒಂದು, ಕಣ್ಣಿಗೆ ಒಂದೇ ತೆರನಾಗಿ ಕಾಣುವ ಕೆಂಪು ಕಲ್ಲಿಗೆ ಕಾನೂನಿನಲ್ಲಿ ಎರಡು ಜಾತಿ. ಲ್ಯಾಟರೈಟನ್ನು 2015ರಲ್ಲಿ ಕೇಂದ್ರ ಸರಕಾರ ಉಪಖನಿಜಗಳ ಪಟ್ಟಿಗೆ ಸೇರಿಸಿತು, ಅದರ ನಿಯಮ ರಾಜ್ಯದ ಕೈಯಲ್ಲಿದೆ. ಬಾಕ್ಸೈಟ್ ಪ್ರಧಾನ ಖನಿಜ, 1957ರ ಗಣಿ ಮತ್ತು ಖನಿಜ ಕಾಯ್ದೆಯ ಪ್ರಕಾರ ಅದರ ಗುತ್ತಿಗೆ ಹರಾಜಿನಲ್ಲಿ ಹೋಗುತ್ತದೆ. ಯಾವುದು ಯಾವುದೆಂದು ಹೇಳುವುದು ಮಾದರಿಯ ರಾಸಾಯನಿಕ ಪರೀಕ್ಷೆ. ಕೋರನ್ನು ಉದ್ದಕ್ಕೆ ಎರಡು ಹೋಳು ಮಾಡಿ ಒಂದನ್ನು ಪ್ರಯೋಗಾಲಯಕ್ಕೆ ಕಳಿಸುತ್ತಾರೆ, ಇನ್ನೊಂದನ್ನು ಕಾದಿರಿಸುತ್ತಾರೆ. ಸಂದೇಹ ಬಂದರೆ ಉಳಿದ ಅರ್ಧವನ್ನು ಮತ್ತೆ ಪರೀಕ್ಷಿಸಬಹುದು.

ಎರಡು, ಶೋಧಕ್ಕೆ ಹಂತಗಳಿವೆ. ಜಿ4ರಿಂದ ಜಿ1ರವರೆಗೆ ಹೋದಂತೆ ರಂಧ್ರಗಳು ಹತ್ತಿರ ಹತ್ತಿರವಾಗುತ್ತವೆ, ಅಂದಾಜು ಖಚಿತವಾಗುತ್ತದೆ. ಮೊದಲ ಹಂತದ ನಾಲ್ಕು ರಂಧ್ರ ಕಂಡು ನಾಳೆಯೇ ಗಣಿ ಎಂದುಕೊಳ್ಳಬೇಕಿಲ್ಲ. ಹಾಗೆಯೇ, ರಂಧ್ರಗಳು ಒತ್ತೊತ್ತಾಗಿ, ಚೌಕಳಿಯಂತೆ ಬರತೊಡಗಿದರೆ ಕೆಲಸ ಮುಂದಿನ ಹಂತಕ್ಕೆ ಹೋಗಿದೆ ಎಂದು ತಿಳಿಯಬೇಕು. ವಿಚಾರಿಸಬೇಕಾದ ಹೊತ್ತು ಅದೇ.

ಗಡಿನಾಡಿನ ಬೇರೆ ಕಡೆಗಳಲ್ಲಿ

ಸಾಂಗ್ಲಿ, ಕೊಲ್ಲಾಪುರ, ಬೆಳಗಾವಿ ಕಡೆಯ ಸದಸ್ಯರಿಗೆ ಕೊಯ್ನಾ ಪರಿಚಿತ. 1967ರ ಡಿಸೆಂಬರ್ 11ರ ಭೂಕಂಪದ ಕಾರಣ ಹುಡುಕಲು ಅಲ್ಲಿ ಸುಮಾರು 1,500 ಮೀಟರ್ ಆಳದ ಒಂಬತ್ತು ರಂಧ್ರಗಳನ್ನು ಕೊರೆದು ಕೋರ್ ತೆಗೆದರು. ರಾಸಾಟಿಯ ರಂಧ್ರದಲ್ಲಿ 930 ಮೀಟರಿಗೂ ಮಿಕ್ಕಿ ಬರೀ ಕಪ್ಪು ಬಸಾಲ್ಟ್ ಸಿಕ್ಕಿ, ಅದರಡಿ ಒಮ್ಮೆಲೇ ಹಳೆಯ ಗ್ರಾನೈಟ್ ಬಂಡೆ ಬಂತು. 2017ರಲ್ಲಿ ಇನ್ನೊಂದು ರಂಧ್ರ 3 ಕಿಲೋಮೀಟರ್ ಮುಟ್ಟಿತು. ಈ ಕೆಲಸ ನೋಡಿಕೊಳ್ಳುವ ಕೇಂದ್ರ ಸರಕಾರದ ಪ್ರಯೋಗಾಲಯ ಕರಾಡದಲ್ಲಿದೆ.

ನಮಗೆ ಹತ್ತಿರದ ಮಂಗಳೂರು ಮತ್ತು ಪಾದೂರಿನಲ್ಲಿ ನೆಲದಡಿ ಬಂಡೆ ಕೊರೆದ ಗುಹೆಗಳಲ್ಲಿ ಕಚ್ಚಾ ತೈಲ ತುಂಬಿಡುತ್ತಾರೆ, ಕ್ರಮವಾಗಿ 15 ಲಕ್ಷ ಮತ್ತು 25 ಲಕ್ಷ ಟನ್. ತೈಲ ಸೋರದಂತೆ ಹಿಡಿದಿಡುವುದು ಸುತ್ತಲಿನ ಬಂಡೆಯಲ್ಲಿರುವ ನೀರಿನ ಒತ್ತಡ. ಬಿರುಕುಗಳು ಎಲ್ಲೆಲ್ಲಿ ಇವೆ ಎಂದು ತಿಳಿಯದೆ ಇಂಥ ಗುಹೆಯನ್ನು ಕೊರೆಯಲಾಗದು.

ಯಂತ್ರ ಬಂದಾಗ ಏನು ಕೇಳಬೇಕು?

ಜಗಳಕ್ಕೆ ಹೋಗದೆ, ಹೆದರದೆ, ಇಷ್ಟನ್ನು ಕೇಳಿ ಬರೆದಿಟ್ಟುಕೊಳ್ಳಬೇಕೆಂದು ನಮ್ಮ ಸಲಹೆ:

1. ಕೆಲಸ ಯಾರದು, ಯಾವ ಉದ್ದೇಶಕ್ಕೆ, ಅನುಮತಿ ಪತ್ರ ಎಲ್ಲಿದೆ? ಖಾಸಗಿ ಜಾಗವಾದರೆ ಯಜಮಾನರ ಒಪ್ಪಿಗೆ ಇದೆಯೇ?

2. ಒಟ್ಟು ಎಷ್ಟು ರಂಧ್ರ, ಎಷ್ಟು ಆಳ, ಎಲ್ಲೆಲ್ಲಿ?

3. ಕೋರ್ ಪೆಟ್ಟಿಗೆಯನ್ನು ನೋಡಬಹುದೇ? ಫೋಟೊ ತೆಗೆದರೆ ಆಳದ ಗುರುತು ಕಾಣುವಂತೆ ತೆಗೆಯಿರಿ.

4. ಎಷ್ಟು ಆಳದಲ್ಲಿ ನೀರು ಸಿಕ್ಕಿತು, ಎಲ್ಲಿ ನೀರು ತಪ್ಪಿಹೋಯಿತು?

5. ಬೆಂಟೊನೈಟ್ ಕೆಸರು ಎಲ್ಲಿಗೆ ಹೋಗುತ್ತದೆ? ತೋಡಿಗೋ, ತೋಟಕ್ಕೋ ಹರಿಯುತ್ತಿದೆಯೇ?

6. ಮುಗಿದ ಮೇಲೆ ರಂಧ್ರವನ್ನು ಸಿಮೆಂಟಿನಿಂದಲೋ ಜೇಡಿಯಿಂದಲೋ ಮುಚ್ಚುತ್ತಾರೆಯೇ?

ಕೊನೆಯ ಪ್ರಶ್ನೆಯನ್ನು ಬಿಡಬಾರದು. ಕೇಂದ್ರ ಅಂತರ್ಜಲ ಮಂಡಳಿಯ 2020ರ ಅಂದಾಜಿನಲ್ಲಿ ಕಾಸರಗೋಡು ಬ್ಲಾಕ್ ಗಂಭೀರ ವರ್ಗದಲ್ಲಿತ್ತು. ಮುಚ್ಚದೆ ಬಿಟ್ಟ ರಂಧ್ರದ ಮೂಲಕ ಮೇಲಿನ ಕೊಳಕು ನೇರ ಕೆಳಕ್ಕೆ ಇಳಿಯಬಹುದು, ಅಥವಾ ಶೇಡಿಯ ಮೇಲೆ ನಿಂತ ಬಾವಿ, ಸುರಂಗಗಳ ನೀರು ಕೆಳಗಿನ ಬಿರುಕಿಗೆ ಸೋರಿಹೋಗಬಹುದು.

ಸರಕಾರಿ ಯೋಜನೆಯಾದರೆ ರಂಧ್ರದ ದಾಖಲೆಯನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯು ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಂದಿಗೆ ಕನ್ನಡದಲ್ಲೇ ಪತ್ರವ್ಯವಹಾರ ನಡೆಸಲು ಅವಕಾಶ ಕೊಟ್ಟಿದೆ. ಅರ್ಜಿಯನ್ನು ಕನ್ನಡದಲ್ಲಿ ಬರೆಯಲು ಹಿಂಜರಿಯಬೇಡಿ. ದಾಖಲೆ ಬಂದ ಮೇಲೆ ಮೇಲೆ ಹೇಳಿದ ಎರಡು ಲೆಕ್ಕಗಳನ್ನು ನೀವೇ ಮಾಡಿ ನೋಡಿ.

ಕೊನೆಯದಾಗಿ ಒಂದು ಕೋರಿಕೆ. ಮುರಕಲ್ಲು, ಶೇಡಿ, ಪದವು ಎಂಬಂತೆ ನೆಲದ ಪದರಗಳಿಗೆ, ಒಸರಿಗೆ, ಕಲ್ಲಿನ ಬಗೆಗಳಿಗೆ ನಿಮ್ಮ ನಿಮ್ಮ ಊರಿನಲ್ಲಿ ಹಿರಿಯರು ಬಳಸುವ ಮಾತುಗಳಿರುತ್ತವೆ. ಬಾವಿ ತೋಡುವವರು, ಸುರಂಗ ಕೊರೆಯುವವರು, ಕಲ್ಲು ಕಡಿಯುವವರು ಬಲ್ಲ ಆ ಮಾತುಗಳನ್ನು ಅರ್ಥದೊಂದಿಗೆ ಬರೆದು ಸಂಘಕ್ಕೆ ಕಳುಹಿಸಿ. ಕನ್ನಡ, ತುಳು, ಹವ್ಯಕ, ಮರಾಟಿ, ಮಲಯಾಳ ಯಾವುದಾದರೂ ಆಗಬಹುದು. ಎಲ್ಲವನ್ನೂ ಒಟ್ಟುಗೂಡಿಸಿ ಇದೇ ಪುಟದಲ್ಲಿ ಪ್ರಕಟಿಸುತ್ತೇವೆ. ಮುಂದಿನ ಸಲ ಯಾರಾದರೂ ನಮ್ಮ ಗುಡ್ಡದ ವರದಿಯನ್ನು ತಂದು ಮುಂದಿಟ್ಟಾಗ, ಅದರಲ್ಲಿ ಬರೆದ ಪದರ ನಮ್ಮ ಮಾತಿನಲ್ಲಿ ಯಾವುದು ಎಂದು ಹೊಂದಿಸಿ ನೋಡಲು ಆ ಪಟ್ಟಿ ಉಪಯೋಗಕ್ಕೆ ಬರುತ್ತದೆ.